ಬ್ಯಾಲಿ ಆರ್ಕೇಡ್ ಮತ್ತು ‘ಆರ್ಕೇಡಿಯನ್’: ಕಂಪನಿ ಕೈಬಿಟ್ಟ ಗೇಮ್ ಯಂತ್ರವನ್ನು ಬಳಕೆದಾರರು ಉಳಿಸಿಕೊಂಡ ಬಗೆ

ಹಳೆಯಂತ್ರ

ಟಿವಿಗೆ ಜೋಡಿಸಿ ಮನೆಯಲ್ಲೇ ಆಡುವ ವಿಡಿಯೋ ಗೇಮ್ ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ 1972ರ ಮ್ಯಾಗ್ನವಾಕ್ಸ್ ಒಡಿಸ್ಸಿಯಿಂದ ಹೊರಟು, 1977ರ ಅಟಾರಿಯನ್ನು ಹಾದು, 1983ರಲ್ಲಿ ಅಮೆರಿಕದ ಮಾರುಕಟ್ಟೆ ಕುಸಿದಲ್ಲಿಗೆ ಮೊದಲ ಅಧ್ಯಾಯವನ್ನು ಮುಗಿಸುತ್ತಾರೆ. ಆ ದಾರಿಯಲ್ಲಿ ಬ್ಯಾಲಿ ಪ್ರೊಫೆಷನಲ್ ಆರ್ಕೇಡ್ ಎಂಬ ಯಂತ್ರಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ಸಾಲು. ಪಿನ್‌ಬಾಲ್ ಮತ್ತು ಜೂಜಿನ ಯಂತ್ರಗಳಿಗೆ ಹೆಸರಾದ ಬ್ಯಾಲಿ ಕಂಪನಿಗಾಗಿ ಇಲಿನಾಯ್ ರಾಜ್ಯದ ಡೇವ್ ನಟಿಂಗ್ ಅಸೋಸಿಯೇಟ್ಸ್ ಇದನ್ನು ರೂಪಿಸಿತು. 1977ರಲ್ಲಿ ಪ್ರಕಟಿಸಿದ ಯಂತ್ರವು ಜನರ ಕೈ ಸೇರಿದ್ದು 1978ರಲ್ಲಿ. ಬೆಲೆ 299 ಡಾಲರ್. ಅದೇ ಕಾಲದ ಅಟಾರಿ ಯಂತ್ರಕ್ಕೆ 199 ಡಾಲರ್ ಇತ್ತು ಎಂಬುದನ್ನು ಗಮನಿಸಿದರೆ, ಕೊಳ್ಳುವವರು ಏಕೆ ಕಡಿಮೆಯಾದರು ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಈ ಯಂತ್ರದ ಬಗ್ಗೆ ಚರ್ಚೆ ಆರಂಭಿಸಲು ನನಗಿರುವ ಕಾರಣ ಅದರ ಆಟಗಳಲ್ಲ, ಅದರ ಬಳಕೆದಾರರು. 1978ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಬಾಬ್ ಫ್ಯಾಬ್ರಿಸ್ ಎಂಬವರು ‘ಆರ್ಕೇಡಿಯನ್’ ಎಂಬ ಪುಟ್ಟ ಪತ್ರಿಕೆಯನ್ನು ಹೊರಡಿಸತೊಡಗಿದರು. ಅದು 1986ರವರೆಗೂ ನಡೆಯಿತು. ಅಷ್ಟರೊಳಗೆ ಬ್ಯಾಲಿ ಈ ವ್ಯವಹಾರದಿಂದ ಹಿಂದೆ ಸರಿದಿತ್ತು, ಯಂತ್ರದ ಹಕ್ಕು ಪಡೆದ ಆಸ್ಟ್ರೋವಿಷನ್ ಕಂಪನಿಯೂ ದಿವಾಳಿಯಾಗಿತ್ತು. ತಯಾರಕರಿಬ್ಬರೂ ಕೈಚೆಲ್ಲಿದ ಮೇಲೂ ಓದುಗರ ಪತ್ರಿಕೆ ಉಳಿದದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ. ಯಂತ್ರದ ಒಳಗೆ ಬಳಕೆದಾರನಿಗೆ ಕೆಲಸ ಮಾಡಲು ಜಾಗ ಬಿಟ್ಟಿದ್ದರಿಂದಲೇ ಅದರ ಸುತ್ತ ಒಂದು ಬಳಗ ಬೆಳೆಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇರೆ ಅಭಿಪ್ರಾಯಗಳಿದ್ದರೆ ದಯವಿಟ್ಟು ಬರೆಯಿರಿ.

ಮಲೆನಾಡಿಗ

ಒಳ್ಳೆಯ ವಿಷಯವನ್ನು ಎತ್ತಿದ್ದೀರಿ. ಆದರೆ ಒಂದು ಸಂದೇಹವಿದೆ. 1978ರ ಸುಮಾರಿಗೆ ಆಪಲ್ II, ಟಿಆರ್‌ಎಸ್-80, ಪೆಟ್ ಮುಂತಾದ ನಿಜವಾದ ಮನೆ ಕಂಪ್ಯೂಟರುಗಳು ಆಗಲೇ ಮಾರುಕಟ್ಟೆಯಲ್ಲಿದ್ದವು, ಅವುಗಳಿಗೂ ಬಳಕೆದಾರರ ಸಂಘಗಳಿದ್ದವು. ಪ್ರೋಗ್ರಾಂ ಬರೆಯುವ ಆಸೆಯಿದ್ದವರು ಅವುಗಳ ಕಡೆಗೆ ಹೋಗದೆ, ಆಟವಾಡಲೆಂದು ಮಾಡಿದ ಪೆಟ್ಟಿಗೆಯೊಂದರ ಜೊತೆ ಏಕೆ ಗುದ್ದಾಡಿದರು? ಕೊಂಡುಬಿಟ್ಟ ವಸ್ತುವನ್ನು ಬಿಡಲಾರದೆ ಕಟ್ಟಿಕೊಂಡ ಬಳಗವೇ ಇದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?

ಸೊನ್ನೆಒಂದು

ಮಲೆನಾಡಿಗರ ಪ್ರಶ್ನೆಗೆ ಯಂತ್ರದ ಒಳರಚನೆಯಿಂದಲೇ ಉತ್ತರ ಹೇಳಬಹುದು ಎಂದುಕೊಂಡಿದ್ದೇನೆ. ಸ್ವಲ್ಪ ದೀರ್ಘವಾಗುತ್ತದೆ, ಸಹಿಸಿಕೊಳ್ಳಿ.

ಇದರಲ್ಲಿದ್ದದ್ದು ಝಡ್80 ಪ್ರೊಸೆಸರ್, ಅಂದರೆ ಟಿಆರ್‌ಎಸ್-80ಯಲ್ಲಿದ್ದದ್ದೇ. ಅದರ ಜೊತೆಗೆ ಚಿತ್ರ ಮತ್ತು ಧ್ವನಿಗೆಂದೇ ನಟಿಂಗ್ ತಂಡ ಮಾಡಿಸಿದ ವಿಶೇಷ ಚಿಪ್‌ಗಳಿದ್ದವು. ಅದೇ ಚಿಪ್‌ಗಳನ್ನು ಹೆಚ್ಚಿನ ರೆಸಲ್ಯೂಷನ್ನಿನಲ್ಲಿ ಬಳಸಿ ‘ಗೋರ್ಫ್’, ‘ವಿಝರ್ಡ್ ಆಫ್ ವೋರ್’ನಂಥ ಆರ್ಕೇಡ್ ಯಂತ್ರಗಳು ಬಂದವು. 256 ಬಣ್ಣಗಳಿಂದ ಆಯ್ದುಕೊಳ್ಳುವ ಅವಕಾಶ, ಮೂರು ಸ್ವರಗಳ ಧ್ವನಿ, ಯಂತ್ರದ ಮೇಲೆಯೇ 24 ಕೀಲಿಗಳ ಕೀಪ್ಯಾಡ್, ಒಳಗೇ ಅಡಕವಾದ ಎರಡು ಆಟ, ಒಂದು ಕ್ಯಾಲ್ಕ್ಯುಲೇಟರ್, ಒಂದು ಚಿತ್ರ ಗೀಚುವ ಪ್ರೋಗ್ರಾಂ. ಬಣ್ಣ ಮತ್ತು ಧ್ವನಿಯ ಮಟ್ಟಿಗೆ ಟಿಆರ್‌ಎಸ್-80, ಪೆಟ್ ಎರಡೂ ಇದರ ಹತ್ತಿರ ಸುಳಿಯುತ್ತಿರಲಿಲ್ಲ. ಆಪಲ್ II ಕೊಳ್ಳಬೇಕೆಂದರೆ ಸಾವಿರ ಡಾಲರಿಗಿಂತ ಹೆಚ್ಚು ಬೇಕಿತ್ತು.

ಕೊರತೆ ಇದ್ದದ್ದು ಮೆಮೊರಿಯಲ್ಲಿ. ಪರದೆಯ ಮೇಲೆ ಅಡ್ಡಕ್ಕೆ 160, ಮೇಲಿಂದ ಕೆಳಕ್ಕೆ 102 ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 2 ಬಿಟ್. ಲೆಕ್ಕ ಹಾಕಿದರೆ ಚಿತ್ರಕ್ಕೇ 4080 ಬೈಟ್ ಬೇಕು, ಯಂತ್ರದಲ್ಲಿದ್ದ ಒಟ್ಟು ಮೆಮೊರಿ 4096 ಬೈಟ್. ಪರದೆಯನ್ನು ಪೂರ್ತಿ ಬಳಸಿದರೆ ಉಳಿಯುವುದು ಬರೀ 16 ಬೈಟ್. ಇಂಥ ಯಂತ್ರಕ್ಕೆ ಬೇಸಿಕ್ ಎಂಬ ಸರಳ ಪ್ರೋಗ್ರಾಂ ಭಾಷೆಯ ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ಮಾಡುವ ಕೆಲಸ ಜೇಮೀ ಫೆಂಟನ್ ಅವರ ಪಾಲಿಗೆ ಬಂತು. ‘ಗೋರ್ಫ್’ ಆಟವನ್ನು ಮಾಡಿದವರೂ ಅವರೇ. ಅವರು ಆಧಾರವಾಗಿ ತೆಗೆದುಕೊಂಡದ್ದು ಲೀ-ಚೆನ್ ವಾಂಗ್ ಅವರ ಪಾಲೋ ಆಲ್ಟೋ ಟೈನಿ ಬೇಸಿಕ್, ಅಂದರೆ 1976ರಲ್ಲಿ ‘ಕಾಪಿಲೆಫ್ಟ್’ ಎಂಬ ತಲೆಬರಹದೊಂದಿಗೆ ಎಲ್ಲರಿಗೂ ಹಂಚಿದ ಪ್ರೋಗ್ರಾಂ. ಹವ್ಯಾಸಿಗಳ ಹಂಚಿಕೆಯ ಗುಣ ಈ ಯಂತ್ರಕ್ಕೆ ಅಲ್ಲಿಂದಲೇ ಬಂತೆಂದು ನನಗನ್ನಿಸುತ್ತದೆ.

ಪ್ರೋಗ್ರಾಮನ್ನು ಇಡುವುದಾದರೂ ಎಲ್ಲಿ? ಫೆಂಟನ್ ಅದನ್ನು ಪರದೆಯ ಮೆಮೊರಿಯೊಳಗೇ ಇಟ್ಟರು. ಪ್ರತಿ ಪಿಕ್ಸೆಲ್‌ನ ಎರಡು ಬಿಟ್‌ಗಳಲ್ಲಿ ಒಂದನ್ನು ಚಿತ್ರಕ್ಕೂ ಇನ್ನೊಂದನ್ನು ಪ್ರೋಗ್ರಾಮಿಗೂ ಹಂಚಿದರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದಂತೆ ಒಂದೇ ನೆಲದಲ್ಲಿ ಎರಡು ಬೆಳೆ. ಬಣ್ಣದ ರಿಜಿಸ್ಟರುಗಳನ್ನು (ಬಣ್ಣದ ಬೆಲೆಯನ್ನು ಇಡುವ ಜಾಗಗಳನ್ನು) ಜೋಡಿಜೋಡಿಯಾಗಿ ಒಂದೇ ಬಣ್ಣಕ್ಕೆ ಹೊಂದಿಸಿದರೆ ಪ್ರೋಗ್ರಾಮಿನ ಬಿಟ್‌ಗಳು ಕಣ್ಣಿಗೆ ಕಾಣುವುದಿಲ್ಲ. ಹೀಗೆ ಬಳಕೆದಾರನಿಗೆ 1800 ಬೈಟ್ ದಕ್ಕಿತು. ಬಣ್ಣದ ಪೋರ್ಟ್‌ಗಳಿಗೆ (ಆ ರಿಜಿಸ್ಟರುಗಳನ್ನು ತಲುಪುವ ಸಂಖ್ಯೆಗಳಿಗೆ) ಬೇರೆ ಬೆಲೆ ಕೊಟ್ಟರೆ, ತಾನು ಬರೆದ ಪ್ರೋಗ್ರಾಂ ಪರದೆಯ ಮೇಲೆ ಚುಕ್ಕೆಗಳ ಮೋಡದಂತೆ ಗೋಚರಿಸುತ್ತದೆ. ಇದನ್ನು ಕಂಡವನು ಯಂತ್ರದ ಒಳಗಿನ ವ್ಯವಸ್ಥೆಯನ್ನು ಅರಿಯದೆ ಸುಮ್ಮನಿರುವುದು ಕಷ್ಟ. ಆದ್ದರಿಂದ ಇದು ಬಿಡಲಾರದೆ ಕಟ್ಟಿಕೊಂಡ ಬಳಗವೆಂದು ನಾನು ಒಪ್ಪುವುದಿಲ್ಲ.

ಓದುಗಿ

ಸೊನ್ನೆಒಂದು ಅವರೇ, ವಿವರಣೆ ತುಂಬ ಚೆನ್ನಾಗಿದೆ. ಆದರೆ 24 ಕೀಲಿಗಳಲ್ಲಿ ಇಡೀ ಇಂಗ್ಲಿಷ್ ಅಕ್ಷರಮಾಲೆಯನ್ನೂ ಬೇಸಿಕ್ ಆದೇಶಗಳನ್ನೂ ಹೇಗೆ ಟೈಪ್ ಮಾಡುತ್ತಿದ್ದರು? ಇನ್ನೊಂದು ವಿಚಾರ. ಪತ್ರಿಕೆಯಲ್ಲಿ ನಿಜವಾಗಿ ಏನು ಬರುತ್ತಿತ್ತು ಎಂಬುದನ್ನು ಹಳೆಯಂತ್ರ ಅವರು ವಿವರಿಸಿದರೆ ಚರ್ಚೆಗೆ ಒಂದು ನೆಲೆ ಸಿಗುತ್ತದೆ.

ಸೊನ್ನೆಒಂದು

ಕೀಪ್ಯಾಡಿನ ಮೇಲೆ ಒಂದು ಅಚ್ಚಾದ ಹಾಳೆಯನ್ನು ಹೊದಿಸಬೇಕಿತ್ತು. ಹಸಿರು, ಕೆಂಪು, ನೀಲಿ, ಹೊಂಬಣ್ಣ ಎಂದು ನಾಲ್ಕು ಶಿಫ್ಟ್ ಕೀಲಿಗಳಿದ್ದವು. ಮೊದಲು ಬಣ್ಣದ ಕೀಲಿ, ಆಮೇಲೆ ಅದೇ ಬಣ್ಣದಲ್ಲಿ ಅಚ್ಚಾದ ಅಕ್ಷರವಿರುವ ಕೀಲಿ. ಹೊಂಬಣ್ಣದ ಕೀಲಿಯನ್ನು ಒತ್ತಿದರೆ ಪ್ರಿಂಟ್, ಗೋಟು ಮುಂತಾದ ಪೂರ್ತಿ ಆದೇಶವೇ ಬೀಳುತ್ತಿತ್ತು, ಮೆಮೊರಿಯಲ್ಲಿ ಅದು ಹಿಡಿಯುವುದು ಒಂದೇ ಬೈಟ್. ನಿಧಾನವಾದ ಕೆಲಸ ಹೌದು. ಆದರೆ 1800 ಬೈಟ್‌ನಲ್ಲಿ ಹಿಡಿಸುವ ಪ್ರೋಗ್ರಾಂ ಒಂದು ಪುಟಕ್ಕಿಂತ ದೊಡ್ಡದಾಗುವುದು ಅಪರೂಪ, ಹೀಗಾಗಿ ಟೈಪ್ ಮಾಡುವುದು ಅಸಾಧ್ಯವೇನೂ ಆಗಿರಲಿಲ್ಲ. ಪತ್ರಿಕೆಯ ಪುಟಕ್ಕೂ ಯಂತ್ರದ ಮೆಮೊರಿಗೂ ಅಳತೆ ಸರಿಹೊಂದಿದ್ದು ಈ ಬಳಗದ ದೊಡ್ಡ ಅದೃಷ್ಟ.

ಹಳೆಯಂತ್ರ

ಆ ಕೊನೆಯ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ, ಪತ್ರಿಕೆಯ ಬಗ್ಗೆ ಹೇಳಬೇಕಾದದ್ದೂ ಅಲ್ಲಿಂದಲೇ ಆರಂಭವಾಗುತ್ತದೆ.

‘ಆರ್ಕೇಡಿಯನ್’ ಸಂಚಿಕೆ ಎಂದರೆ ಇಕ್ಕಟ್ಟಾಗಿ ತುಂಬಿದ ಕೆಲವೇ ಹಾಳೆಗಳು. ಪ್ರೋಗ್ರಾಂ ಪಟ್ಟಿಗಳು, ಬೇಸಿಕ್ ಆದೇಶಗಳ ಸೂಕ್ಷ್ಮಗಳು, ಯಂತ್ರದ ಒಳಗೆ ಮಾಡಿಕೊಳ್ಳಬಹುದಾದ ತಿದ್ದುಪಡಿಗಳು, ಓದುಗರು ತಯಾರಿಸಿ ಮಾರುತ್ತಿದ್ದ ಆಡಿಯೋ ಕ್ಯಾಸೆಟ್‌ಗಳ ಜಾಹೀರಾತುಗಳು, ಕಂಪನಿಯಿಂದ ಬಂದ ಸುದ್ದಿ. ಕಂಪನಿಯ ಕೈಪಿಡಿಯಲ್ಲಿ ಇಲ್ಲದ ಸಂಗತಿಯೊಂದನ್ನು ಯಾರೋ ಒಬ್ಬರು ಕಂಡುಹಿಡಿದು ಪತ್ರ ಬರೆಯುತ್ತಿದ್ದರು, ಅದು ಅಚ್ಚಾಗುತ್ತಿತ್ತು, ಇನ್ನೊಂದು ರಾಜ್ಯದಲ್ಲಿರುವವರು ಅದನ್ನೇ ಬಳಸಿ ಒಂದು ಆಟ ಬರೆದು ಕಳಿಸುತ್ತಿದ್ದರು. ಉದಾಹರಣೆಗೆ, ಬೇಸಿಕ್‌ನಲ್ಲಿ &(9) ಎಂಬ ಪೋರ್ಟ್‌ಗೆ ಬೆಲೆ ಕೊಟ್ಟರೆ ಪರದೆಯ ಎಡ ಮತ್ತು ಬಲ ಭಾಗಗಳ ಬಣ್ಣದ ಗಡಿ ಸರಿಯುತ್ತದೆ, 16ರಿಂದ 23ರವರೆಗಿನ ಪೋರ್ಟ್‌ಗಳಲ್ಲಿ ಧ್ವನಿಯ ಚಿಪ್ ನೇರವಾಗಿ ಕೈಗೆ ಸಿಗುತ್ತದೆ. ಇಂಥ ಒಂದೊಂದು ಸಾಲೂ ಆ ಬಳಗದಲ್ಲಿ ಹಂಚಿಕೊಳ್ಳಬೇಕಾದ ಆಸ್ತಿಯಾಗಿತ್ತು.

ಪ್ರೋಗ್ರಾಮುಗಳನ್ನು ಕ್ಯಾಸೆಟ್‌ನಲ್ಲಿ ಉಳಿಸಿಕೊಳ್ಳಲು ಮೊದಲಿಗೆ ಪ್ರತ್ಯೇಕವಾಗಿ ಕೊಳ್ಳಬೇಕಾದ ಉಪಕರಣವಿತ್ತು, ಅದರ ವೇಗ 300 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 300 ಬಿಟ್. ಮುಂದೆ ಆಸ್ಟ್ರೋವಿಷನ್ ಕಾಲದಲ್ಲಿ ಬಂದ ಬೇಸಿಕ್ ಕಾರ್ಟ್ರಿಜ್‌ನ ಒಳಗೇ ಕ್ಯಾಸೆಟ್ ಸಂಪರ್ಕವಿದ್ದು, ವೇಗ 2000 ಬಾಡ್‌ಗೆ ಏರಿತು. ಎರಡು ಬಗೆಯ ಟೇಪ್‌ಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಪತ್ರಿಕೆ ಮತ್ತು ಕ್ಯಾಸೆಟ್ ಮಾರುವವರು ಎರಡೂ ಬಗೆಯ ಬಳಕೆದಾರರನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಯಿತು. ಅಮೆರಿಕದ ಬೇರೆ ಕಡೆಗಳಲ್ಲಿಯೂ ಗುಂಪುಗಳು ಹುಟ್ಟಿದವು. ಮಿಷಿಗನ್‌ನಲ್ಲಿ ಆಸ್ಟ್ರೋ-ಬಗ್ಸ್ ಎಂಬ ಸಂಘ, ನಯಾಗರ ಪ್ರದೇಶದಲ್ಲಿ ಇನ್ನೊಂದು ಬಳಕೆದಾರರ ಗುಂಪು ಮತ್ತು ಅದರದೇ ಪತ್ರಿಕೆ. ಬಹುಕಾಲ ಬಾಳಿದ್ದು ಮಾತ್ರ ‘ಆರ್ಕೇಡಿಯನ್’. ಫ್ಯಾಬ್ರಿಸ್ ಅವರ ಹಿರಿಮೆ ಅವರು ಬರೆದದ್ದರಲ್ಲಿ ಇಲ್ಲ, ಬೇರೆಯವರು ಬರೆದದ್ದನ್ನು ವರ್ಷಗಟ್ಟಲೆ ಬಿಡದೆ ಒಟ್ಟುಗೂಡಿಸಿ ತಲುಪಿಸಿದ್ದರಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಮಲೆನಾಡಿಗ

ನನ್ನ ಸಂದೇಹ ಅರ್ಧ ಕರಗಿತು ಎಂದು ಒಪ್ಪಿಕೊಳ್ಳುತ್ತೇನೆ. ಉಳಿದ ಅರ್ಧ ಇದು: ಈ ಯಂತ್ರವನ್ನು ಪೂರ್ಣ ಕಂಪ್ಯೂಟರ್ ಆಗಿ ವಿಸ್ತರಿಸುವ ಉಪಕರಣ ಬರುತ್ತದೆ ಎಂದು ಬ್ಯಾಲಿ ಆರಂಭದಲ್ಲಿಯೇ ಹೇಳಿತ್ತು, ಅದು ಕೊನೆಗೂ ಅಂಗಡಿಗೆ ಬರಲಿಲ್ಲ. ಯಂತ್ರ ಬಿಸಿಯಾಗಿ ಚಿಪ್ ಸುಟ್ಟುಹೋಗುವ ದೋಷವೂ ಇತ್ತು. ಹಾಗಿದ್ದರೆ ಕಂಪನಿ ಮಾಡಬೇಕಿದ್ದ ಕೆಲಸವನ್ನು ಬಳಕೆದಾರರು ಸಂಬಳವಿಲ್ಲದೆ ಮಾಡಿಕೊಟ್ಟರು ಎಂದಲ್ಲವೇ? ಅವರ ಉತ್ಸಾಹವನ್ನು ಹೊಗಳುವ ಭರದಲ್ಲಿ ಈ ಅನ್ಯಾಯವನ್ನು ನಾವು ಮರೆಯಬಾರದು.

ಸೊನ್ನೆಒಂದು

ಮರೆಯಬಾರದು, ನಿಜ. ಆ ವಿಸ್ತರಣೆಯ ಕಥೆ ನೋವಿನದೇ. ಇಲಿನಾಯ್ ವಿಶ್ವವಿದ್ಯಾಲಯದ ಷಿಕಾಗೋ ಆವರಣದಲ್ಲಿದ್ದ ಟಾಮ್ ಡಿಫ್ಯಾಂಟಿ ಅವರು ಕಂಪ್ಯೂಟರ್ ಚಿತ್ರಗಳಿಗಾಗಿ ರೂಪಿಸಿದ್ದ ಗ್ರಾಸ್ ಎಂಬ ಭಾಷೆಯನ್ನು ಈ ಯಂತ್ರಕ್ಕೆ ಒಗ್ಗಿಸಿ ‘ಝಡ್‌ಗ್ರಾಸ್’ ಮಾಡಲಾಯಿತು. ಕೀಬೋರ್ಡ್, ಹೆಚ್ಚಿನ ಮೆಮೊರಿಗಳೊಂದಿಗೆ ಅದನ್ನು ಮನೆ ಬಳಕೆದಾರರಿಗೆ ಕೊಡುವ ಯೋಜನೆ ಈಡೇರಲಿಲ್ಲ. ಮುಂದೆ ಅದೇ ಭಾಷೆ ಕಲಾವಿದರು ಮತ್ತು ಸಂಸ್ಥೆಗಳಿಗಾಗಿ ಮಾಡಿದ, ಬೇರೆಯೇ ಆದ ದುಬಾರಿ ಯಂತ್ರವೊಂದರಲ್ಲಿ ಬಳಕೆಗೆ ಬಂತು.

ಆದರೆ ಬಳಕೆದಾರರು ಕಾದು ಕುಳಿತಿರಲಿಲ್ಲ. ಪರ್ಕಿನ್ಸ್ ಎಂಜಿನಿಯರಿಂಗ್ ಎಂಬ ಚಿಕ್ಕ ಸಂಸ್ಥೆ ‘ಬ್ಲೂ ರಾಮ್’ ಎಂಬ ಮೆಮೊರಿ ಪೆಟ್ಟಿಗೆಯನ್ನು ತಂದಿತು, ಆಲ್ಟರ್ನೇಟಿವ್ ಎಂಜಿನಿಯರಿಂಗ್ ‘ವೈಪರ್’ ಎಂಬುದನ್ನು ತಂದಿತು. ಇವೆಲ್ಲ ಬಳಗದ ಒಳಗಿನಿಂದಲೇ, ಪತ್ರಿಕೆಯ ಓದುಗರನ್ನೇ ನಂಬಿ ಬಂದ ವಸ್ತುಗಳು. ಝಡ್80 ಮಶೀನ್ ಭಾಷೆಯಲ್ಲಿ ನೇರವಾಗಿ ಬರೆಯಲು ‘ಮಶೀನ್ ಲ್ಯಾಂಗ್ವೇಜ್ ಮ್ಯಾನೇಜರ್’ ಎಂಬ ಕಾರ್ಟ್ರಿಜ್ ಕೂಡ ಹವ್ಯಾಸಿಗಳ ಕಡೆಯಿಂದಲೇ ಬಂತು. ಯಂತ್ರದ ಒಳಗಿನ 8 ಕೆಬಿ ರೋಮ್‌ನಲ್ಲಿ (ROM), ಅಂದರೆ ಅಳಿಸಲಾಗದ ಮೆಮೊರಿಯಲ್ಲಿ, ಆಟಗಳು ಹಂಚಿಕೊಳ್ಳುವ ಉಪಪ್ರೋಗ್ರಾಮುಗಳಿದ್ದವು. ಅವುಗಳ ವಿವರ ಆಸಕ್ತರ ಕೈಸೇರಿದ ಮೇಲೆ ಅವರು ಬರೆದ ಆಟಗಳು ಕಂಪನಿಯ ಆಟಗಳ ಮಟ್ಟಕ್ಕೆ ಏರಿದವು.

ಸಂಬಳವಿಲ್ಲದ ದುಡಿಮೆ ಎಂಬ ಮಾತಿಗೆ ನನ್ನ ಉತ್ತರವಿಷ್ಟೇ. ಕಂಪನಿಗಾಗಿ ದುಡಿದಿದ್ದರೆ ಕಂಪನಿ ಮುಚ್ಚಿದ ದಿನವೇ ಅವರು ನಿಲ್ಲಿಸಬೇಕಿತ್ತು. ಅವರು ನಿಲ್ಲಿಸಲಿಲ್ಲ.

ಕಡತಪಾಲ

ಅಟಾರಿಯ ಉದಾಹರಣೆಯನ್ನು ಪಕ್ಕದಲ್ಲಿಟ್ಟರೆ ಹಳೆಯಂತ್ರ ಅವರ ವಾದ ಇನ್ನಷ್ಟು ಸ್ಪಷ್ಟವಾದೀತು. ಅಟಾರಿ 2600ರಲ್ಲಿದ್ದ ಮೆಮೊರಿ 128 ಬೈಟ್. ವಾರನ್ ರಾಬಿನೆಟ್ ಅವರು 1979ರಲ್ಲಿ ಅದಕ್ಕೂ ಒಂದು ಬೇಸಿಕ್ ಕಾರ್ಟ್ರಿಜ್ ಮಾಡಿದರು, ಆದರೆ ಅದರಲ್ಲಿ ಬರೆಯಬಹುದಾದ ಪ್ರೋಗ್ರಾಂ ಅರವತ್ತು ಚಿಲ್ಲರೆ ಚಿಹ್ನೆಗಳನ್ನು ಮೀರುವಂತಿರಲಿಲ್ಲ, ಬರೆದದ್ದನ್ನು ಕ್ಯಾಸೆಟ್‌ಗೆ ಉಳಿಸುವ ದಾರಿಯೂ ಇರಲಿಲ್ಲ. ಅಂಥ ಬಿಗಿಯಾದ ಜಾಗದಲ್ಲಿ ಬೇಸಿಕ್ ಓಡಿಸಿದ್ದೇ ಒಂದು ಸಾಧನೆ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಇನ್ನೊಬ್ಬರಿಗೆ ಅಂಚೆಯಲ್ಲಿ ಕಳಿಸಿಕೊಡುವಂಥದ್ದು ಅದರಿಂದ ಹುಟ್ಟಲಿಲ್ಲ. ಅಟಾರಿಯ ಅಭಿಮಾನಿಗಳಿಗಾಗಿ 1982ರಿಂದ 1984ರವರೆಗೆ ಬಂದ ‘ಅಟಾರಿ ಏಜ್’ ಪತ್ರಿಕೆ ಕಂಪನಿಯದೇ ಆಗಿತ್ತು. ಅದು ಬರಲಿರುವ ಆಟಗಳ ಸುದ್ದಿಯನ್ನು ಹೊತ್ತು ಬರುತ್ತಿತ್ತೇ ಹೊರತು ಯಂತ್ರದ ಗುಟ್ಟನ್ನಲ್ಲ. ಕಂಪನಿ ಒಡೆದಾಗ ಪತ್ರಿಕೆಯೂ ನಿಂತಿತು.

ಅಟಾರಿಯ ಸುತ್ತ ಪ್ರೋಗ್ರಾಂ ಬರೆಯುವ ಹವ್ಯಾಸಿ ಬಳಗ ನಿಜವಾಗಿ ಬೆಳೆದದ್ದು 1990ರ ದಶಕದಲ್ಲಿ. ಕಂಪನಿಯೊಳಗೆ 1979ರಲ್ಲಿ ಸ್ಟೀವ್ ರೈಟ್ ಬರೆದಿದ್ದ ಪ್ರೋಗ್ರಾಮರ್ ಕೈಪಿಡಿಯನ್ನು ಹವ್ಯಾಸಿಯೊಬ್ಬರು 1993ರಲ್ಲಿ ಅಕ್ಷರಕ್ಷರ ಟೈಪ್ ಮಾಡಿ ಹಂಚಿದರು. ಆಮೇಲೆ 1995ರ ಹೊತ್ತಿಗೆ ಎಡ್ ಫೆಡರ್‌ಮೇಯರ್ ಅವರ ‘ಎಡ್‌ಟ್ರಿಸ್ 2600’ ಬಂತು. 1982ರಲ್ಲಿ ಮಾರಾಟವಾಗಿದ್ದ ಸೂಪರ್‌ಚಾರ್ಜರ್ ಎಂಬ ಉಪಕರಣ ಕ್ಯಾಸೆಟ್‌ನಿಂದ ಆಟವನ್ನು 6 ಕೆಬಿ ಮೆಮೊರಿಗೆ ಇಳಿಸಿಕೊಳ್ಳುತ್ತಿತ್ತು, ಕಾರ್ಟ್ರಿಜ್ ಮಾಡಿಸುವ ಖರ್ಚಿಲ್ಲದೆ ಹೊಸ ಆಟಗಳನ್ನು ಪರೀಕ್ಷಿಸಲು ಹವ್ಯಾಸಿಗಳು ಅದನ್ನೇ ಮತ್ತೆ ಕೈಗೆತ್ತಿಕೊಂಡರು. ಬ್ಯಾಲಿ ಬಳಗಕ್ಕೆ ಆರಂಭದ ವರ್ಷಗಳಲ್ಲೇ ಸಿಕ್ಕ ಎರಡು ಅನುಕೂಲಗಳು, ಅಂದರೆ ಯಂತ್ರದ ವಿವರ ಮತ್ತು ಅಗ್ಗದ ಕ್ಯಾಸೆಟ್, ಅಟಾರಿ ಬಳಗಕ್ಕೆ ಒಟ್ಟಾಗಿ ಸಿಗಲು ಹದಿನೈದು ವರ್ಷ ಬೇಕಾಯಿತು ಎಂದು ಹೇಳಬಹುದು. ಅಟಾರಿ ಯಂತ್ರಗಳು ಕೋಟಿಗಳ ಲೆಕ್ಕದಲ್ಲಿ ಮಾರಾಟವಾಗಿದ್ದರೂ ಇದು ಹೀಗಾಯಿತು. ಕೊಂಡವರ ಸಂಖ್ಯೆ ತಾನಾಗಿಯೇ ಬಳಗವಾಗುವುದಿಲ್ಲ.

ಮಲೆನಾಡಿಗ

ಕಡತಪಾಲ ಅವರೇ, ಇದು ನನಗೆ ಹೊಸ ವಿಚಾರ. ಅಟಾರಿಯ ಹವ್ಯಾಸಿಗಳು ತಡವಾಗಿ ಬಂದದ್ದಕ್ಕೆ ಉತ್ಸಾಹದ ಕೊರತೆ ಕಾರಣವೆಂದು ತಿಳಿದಿದ್ದೆ. ಮಾಹಿತಿಯ ಕೊರತೆ ಎಂದು ಹೊಳೆದಿರಲಿಲ್ಲ. ಅನ್ಯಾಯದ ಬಗೆಗಿನ ನನ್ನ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. 299 ಡಾಲರ್ ಕೊಟ್ಟು, ಬರದ ವಿಸ್ತರಣೆಗಾಗಿ ಕಾದು, ಸುಮ್ಮನೆ ಯಂತ್ರವನ್ನು ಅಟ್ಟಕ್ಕೆ ಸೇರಿಸಿದವರೂ ಇದ್ದಿರಲೇಬೇಕು, ಅವರು ಯಾವ ಪತ್ರಿಕೆಗೂ ಪತ್ರ ಬರೆಯಲಿಲ್ಲ. ಉಳಿದ ದಾಖಲೆಗಳನ್ನು ಓದುವಾಗ ಉತ್ಸಾಹಿಗಳ ದನಿ ಮಾತ್ರ ನಮಗೆ ಕೇಳಿಸುತ್ತದೆ ಎಂಬ ಎಚ್ಚರ ಇರಲಿ.

ಓದುಗಿ

ದಾಖಲೆಗಳ ಮಾತು ಬಂದದ್ದರಿಂದ ಒಂದು ವಿಷಯವನ್ನು ಮುಂದಿಡುತ್ತೇನೆ. ಫ್ಯಾಬ್ರಿಸ್ ಅವರಿಗೆ ಓದುಗರು ಬರೆದ ಪತ್ರಗಳ ಸಂಗ್ರಹ ಉಳಿದುಬಂದಿದ್ದು, ಆಸ್ಟ್ರೋಕೇಡ್ (ಈ ಯಂತ್ರದ ನಂತರದ ಹೆಸರು) ಅಭಿಮಾನಿಗಳು ಅದನ್ನು ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸಿದ್ದಾರೆ. ಅಚ್ಚಾದ ಪತ್ರಿಕೆಗಿಂತ ಈ ಪತ್ರಗಳೇ ಹೆಚ್ಚು ಬೆಲೆಯುಳ್ಳವು ಎಂದು ನನಗನ್ನಿಸುತ್ತದೆ. ಸಂಪಾದಕರು ಕತ್ತರಿಸಿದ ದೂರುಗಳು, ಅಚ್ಚಿಗೆ ಹೋಗದ ಪ್ರೋಗ್ರಾಮುಗಳು, ಟೇಪ್ ಲೋಡ್ ಆಗುತ್ತಿಲ್ಲ ಎಂಬ ಗೋಳು, ಇವೆಲ್ಲ ಸಿಗುವುದಾದರೆ ಪತ್ರಗಳಲ್ಲೇ ಸಿಗಬೇಕು. ಮಲೆನಾಡಿಗರು ಹೇಳಿದ ಬೇಸತ್ತವರ ದನಿಯೂ ಅಲ್ಲಿ ಅಷ್ಟಿಷ್ಟು ಕೇಳಿಸೀತು. ಆದರೆ ಪತ್ರ ಬರೆದವರು ತಮ್ಮ ವಿಳಾಸ, ಮನೆಯ ವಿಚಾರ ಎಲ್ಲವನ್ನೂ ಒಬ್ಬ ಸಂಪಾದಕರನ್ನು ನಂಬಿ ಬರೆದಿದ್ದರು. ಅದನ್ನು ಲೋಕಕ್ಕೆಲ್ಲ ತೆರೆದಿಡುವುದು ಸರಿಯೇ?

ಕಡತಪಾಲ

ಯೋಚಿಸಬೇಕಾದ ಪ್ರಶ್ನೆ. ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮರೆಮಾಡಿ, ತಾಂತ್ರಿಕ ಭಾಗವನ್ನು ಪೂರ್ತಿಯಾಗಿ ಉಳಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಮೂಲ ಪ್ರತಿಯನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬಾರದು. ಟೇಪ್‌ಗಳ ವಿಷಯದಲ್ಲಿ ಇನ್ನೂ ಅವಸರವಿದೆ. ಆಡಿಯೋ ಕ್ಯಾಸೆಟ್‌ನ ಕಾಂತೀಯ ಲೇಪನ ಕಾಲಕ್ರಮೇಣ ಕ್ಷೀಣಿಸುತ್ತದೆ. ಅದರಲ್ಲಿರುವುದು ಶಬ್ದವೇ ಆದ್ದರಿಂದ, ಸಾಧಾರಣ ಕ್ಯಾಸೆಟ್ ಪ್ಲೇಯರಿನಿಂದ ಕಂಪ್ಯೂಟರಿಗೆ, ಸಂಕುಚನವಿಲ್ಲದ ಕಡತವಾಗಿ ಇಳಿಸಿಕೊಂಡರೆ ಸಾಕು, ಪ್ರೋಗ್ರಾಮನ್ನು ಅದರಿಂದ ಆಮೇಲೆ ಹೊರತೆಗೆಯಬಹುದು. ಎಂಪಿ3 ಮಾಡಿದರೆ ಬಿಟ್‌ಗಳ ಅಂಚು ಹಾಳಾಗುವ ಅಪಾಯವಿದೆ. ಇಳಿಸಿಕೊಳ್ಳುವ ಮೊದಲು ಪ್ಲೇಯರಿನ ಹೆಡ್ ಶುಚಿ ಮಾಡಿ, ಅದರ ಓರೆಯನ್ನು ಆಯಾ ಟೇಪಿಗೆ ಹೊಂದಿಸಬೇಕು, ಏಕೆಂದರೆ ಪ್ರತಿಯೊಬ್ಬ ಹವ್ಯಾಸಿಯೂ ತನ್ನ ಮನೆಯ ರೆಕಾರ್ಡರಿನಲ್ಲಿ ಧ್ವನಿಮುದ್ರಿಸಿದ್ದ.

ಓದುಗಿ

ಧನ್ಯವಾದಗಳು. ನನ್ನ ಕೊನೆಯ ಪ್ರಶ್ನೆ: ಇಂದು ಇದನ್ನು ಪ್ರಯತ್ನಿಸಿ ನೋಡಲು ಬಯಸುವವರು ಎಲ್ಲಿಂದ ಆರಂಭಿಸಬೇಕು? ಹಳೆಯ ಯಂತ್ರವನ್ನು ಹುಡುಕಿ ಕೊಳ್ಳಲೇಬೇಕೇ?

ಹಳೆಯಂತ್ರ

ಕೊಳ್ಳಬೇಕಾಗಿಲ್ಲ. ಮೇಮ್ ಎಮ್ಯುಲೇಟರ್ ಈ ಯಂತ್ರವನ್ನು ಅನುಕರಿಸುತ್ತದೆ, ಬೇಸಿಕ್ ಕೂಡ ಅದರಲ್ಲಿ ನಡೆಯುತ್ತದೆ. ನಿಜವಾದ ಯಂತ್ರವೇ ಸಿಕ್ಕಿದವರು, ಅದು ಅಮೆರಿಕದ 110 ವೋಲ್ಟ್ ವಿದ್ಯುತ್ತಿಗೂ ಎನ್‌ಟಿಎಸ್‌ಸಿ ಟಿವಿಗೂ ಮಾಡಿದ್ದೆಂಬುದನ್ನು ಮರೆಯದೆ, ನಮ್ಮ ಗೋಡೆಯ ಪ್ಲಗ್‌ಗೆ ನೇರವಾಗಿ ಜೋಡಿಸಬಾರದು. ಗಾಳಿಯಾಡುವ ಜಾಗದಲ್ಲಿಟ್ಟು, ಹೆಚ್ಚು ಹೊತ್ತು ಓಡಿಸದೆ ಆರಲು ಬಿಡಬೇಕು. ಆ ವಿಶೇಷ ಚಿಪ್‌ಗಳು ಈಗ ಬೇರೆ ಯಂತ್ರಗಳಿಂದ ಕಿತ್ತರಷ್ಟೇ ಸಿಗುತ್ತವೆ.

‘ಆರ್ಕೇಡಿಯನ್’ ಸಂಚಿಕೆಗಳನ್ನು 1978ರ ಮೊದಲನೆಯದರಿಂದ ಕ್ರಮವಾಗಿ ಓದಿ ಎಂಬುದು ನನ್ನ ಸಲಹೆ, ಏಕೆಂದರೆ ಒಂದು ಸಂಚಿಕೆಯ ಸಂದೇಹಕ್ಕೆ ಮುಂದಿನ ಸಂಚಿಕೆಗಳಲ್ಲಿ ಬೇರೊಬ್ಬರು ಉತ್ತರಿಸಿರುತ್ತಾರೆ. ಸಣ್ಣದೊಂದು ಪ್ರೋಗ್ರಾಮನ್ನು ಆರಿಸಿಕೊಂಡು, ಸಿದ್ಧ ಕಡತವನ್ನು ಲೋಡ್ ಮಾಡದೆ ಕೈಯಿಂದಲೇ ಟೈಪ್ ಮಾಡಿ. ಬೇಸಿಕ್‌ನಲ್ಲಿ ಚುಕ್ಕೆಗಳ ಸ್ಥಾನವನ್ನು ಎಣಿಸುವಾಗ ಪರದೆಯ ನಡುವೆಯೇ ಸೊನ್ನೆ ಇರುತ್ತದೆ, ಅಡ್ಡಕ್ಕೆ -80ರಿಂದ 79, ಮೇಲಕ್ಕೂ ಕೆಳಕ್ಕೂ -44ರಿಂದ 43. ಓಡಿದ ಮೇಲೆ ಸೊನ್ನೆಒಂದು ಅವರು ಹೇಳಿದ ಬಣ್ಣದ ಪೋರ್ಟ್‌ಗಳನ್ನು ಬದಲಿಸಿ ನೋಡಿ. ಏನು ಕಂಡಿತು ಎಂಬುದನ್ನು ಇಲ್ಲಿಯೇ ಬರೆದರೆ ಮುಂದಿನ ಹೆಜ್ಜೆಯನ್ನು ಒಟ್ಟಿಗೆ ನೋಡೋಣ.